ಯಶಸ್ವಿ ಉದ್ಯಮಿಗಳ ಗುಣಗಳು ಯಾವುವು? ಸಮಾಜಕ್ಕೆ ಅವರ ಕೊಡುಗೆ ಏನು? ರಿಸ್ಕ್ ಅಂದರೆ ಹೆದರುವ ನಾನು ಕೆಲಸ ಬಿಟ್ಟು ವ್ಯಾಪಾರಕ್ಕೆ ಇಳಿಯಬಹುದೇ?

ನೀವು ಬರೆದಿದ್ದು ಇಷ್ಟು: ಸಂಬಳದ ಕೆಲಸ, ಸಂಕೋಚದ ಸ್ವಭಾವ. ಅಮ್ಮ ಮಾಡುವ ಸಾರಿನ ಪುಡಿಗೆ ನೆಂಟರಿಷ್ಟರ ಹೊಗಳಿಕೆ. ಅದನ್ನೇ ಮಾರಿದರೆ ಹೇಗೆ ಅನ್ನುವ ಆಸೆ. ಜೊತೆಗೆ, ಒಂದು ದೊಡ್ಡ ಸೂಪರ್ ಮಾರ್ಕೆಟ್‌ನವರು ತಿಂಗಳು ತಿಂಗಳು ಮಾಲು ತಗೊಳ್ಳೋಕೆ ಒಪ್ಪಿದ್ದಾರೆ ಅನ್ನುವ ಖುಷಿ. ನಿಮ್ಮ ಪ್ರಶ್ನೆಯಲ್ಲಿ ಸಾರಿನ ಪುಡಿ ಇರುವ ಕಡೆ ಚಕ್ಕುಲಿ ಅಂತ ತಿದ್ದಿದರೆ ಸಾಕು, ಅದು 2021ರ ನಾನೇ.

ನಾನು ತುಮಕೂರಿನವನು. ಪೀಣ್ಯದ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಬೆಳಗ್ಗೆ ರೈಲು, ರಾತ್ರಿ ರೈಲು, ಜೇಬಿನಲ್ಲಿ ತಿಂಗಳ ಪಾಸು. ಮೊದಲ ಲಾಕ್‌ಡೌನ್‌ನಲ್ಲಿ ಕೆಲಸ ನಿಂತಾಗ ಅತ್ತೆಯವರ ಕೈರುಚಿ ನಂಬಿಕೊಂಡು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರಲು ಶುರು ಮಾಡಿದೆ. ಎಕ್ಸೆಲ್ ಗಾಡಿಯ ಹಿಂದೆ ಎರಡು ಕ್ರೇಟ್ ಕಟ್ಟಿಕೊಂಡು ಬೇಕರಿ, ದಿನಸಿ ಅಂಗಡಿಗಳನ್ನು ಸುತ್ತುವುದು. ಹೊಸ ಮಾಲು ಇಳಿಸುವುದು, ಹೋದ ವಾರದ್ದು ಎಣಿಸಿ ಇಸ್ಕೊಳ್ಳುವುದು. ವರ್ಷದೊಳಗೆ 40 ಅಂಗಡಿ ಆಯಿತು. ಲಾಭ ಅಷ್ಟೇನೂ ಇರಲಿಲ್ಲ, ಆದರೆ ರಾತ್ರಿ ಮನೆಗೆ ಬಂದಾಗ ಜೇಬಿನಲ್ಲಿ ನೋಟು ಇರುತ್ತಿತ್ತು. ಅದರ ಬೆಲೆ ಆಗ ಗೊತ್ತಾಗಲಿಲ್ಲ.

2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿ ಸರಣಿಯವರು ಫೋನ್ ಮಾಡಿದರು. ಹೆಸರು ಹೇಳುವುದಿಲ್ಲ. ತಿಂಗಳಿಗೆ 2 ಲಕ್ಷದ ಮಾಲು, 60 ದಿನದ ಉದ್ರಿ. ನಾನು ಕೇಳಿಸಿಕೊಂಡಿದ್ದು 2 ಲಕ್ಷ ಅನ್ನುವುದನ್ನು ಮಾತ್ರ. ಕಂಪನಿಗೆ ರಾಜೀನಾಮೆ ಬರೆದೆ. ನಾಲ್ಕು ಜನ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡೆ. ಇಷ್ಟು ಮಾಲು ಮಾಡಲು ಸಮಯ ಸಾಲದು ಅಂತ 40 ಅಂಗಡಿಗಳಲ್ಲಿ 30ನ್ನು ಬಿಟ್ಟೆ. ಒಬ್ಬ ಬೇಕರಿಯವರು, 'ನೋಡ್ರೀ, ಆನೆ ಸವಾರಿ ಸಿಕ್ತು ಅಂತ ಸೈಕಲ್ ಮಾರ್ಬೇಡಿ' ಅಂದರು. ನಕ್ಕು ಬಂದೆ.

ನನ್ನ ತಪ್ಪು ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಲ್ಲು ಬರೆದ ದಿನವೇ ದುಡ್ಡು ಬಂತು ಅಂತ ಎಣಿಸಿದ್ದು. ಅದೊಂದೇ.

ಲೆಕ್ಕ ನೋಡಿ. ತಿಂಗಳ ಬಿಲ್ಲು 2,00,000. ಬ್ರಾಂಡ್ ಹೆಸರು ಹಾಕಿದ ಪ್ಯಾಕೆಟ್ ಕುರುಕಲು ತಿಂಡಿಗೆ ಆಗ 12% ಜಿಎಸ್‌ಟಿ ಇತ್ತು (2025ರ ಸೆಪ್ಟೆಂಬರ್ 22ರಿಂದ 5% ಆಗಿದೆ). ಅಂದರೆ ಮೇಲೆ 24,000. ಒಟ್ಟು 2,24,000. ಅಕ್ಕಿ, ಉದ್ದು, ಎಣ್ಣೆ, ಬೆಣ್ಣೆ, ಕವರು, ಕೂಲಿ, ಗ್ಯಾಸು, ಸಾಗಾಟ ಎಲ್ಲ ಸೇರಿ ನನ್ನ ಖರ್ಚು 1,72,000. ಉಳಿಯುವುದು 28,000. ಪೀಣ್ಯದ ಸಂಬಳಕ್ಕಿಂತ ಜಾಸ್ತಿ! ಡೈರಿಯಲ್ಲಿ ನವೆಂಬರ್ ಲಾಭ 28,000, ಡಿಸೆಂಬರ್ ಲಾಭ 28,000 ಅಂತ ನೀಟಾಗಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ.

60 ದಿನ ಅಂದರಲ್ಲ, ಅದು ನಾನು ಮಾಲು ಕಳಿಸಿದ ದಿನದಿಂದ ಅಲ್ಲ, ಅವರ ಗೋದಾಮಿನಲ್ಲಿ ಮಾಲು ಎಂಟ್ರಿ ಆದ ದಿನದಿಂದ. ಎಂಟ್ರಿಗೆ ವಾರ ಹಿಡಿಯುತ್ತಿತ್ತು. ಆಮೇಲೆ ಅವರು ದುಡ್ಡು ಹಾಕುವುದು ತಿಂಗಳಿಗೆ ಎರಡೇ ಸಲ. ಒಂದು ಸಲ ತಪ್ಪಿದರೆ ಮತ್ತೆ ಹದಿನೈದು ದಿನ. ಚಕ್ಕುಲಿ ಮುರಿದಿದೆ ಅಂತ ಡೆಬಿಟ್ ನೋಟ್ (ಬಿಲ್ಲಿನಲ್ಲಿ ಇಷ್ಟು ಮುರಿದುಕೊಳ್ಳುತ್ತೇವೆ ಅನ್ನುವ ಚೀಟಿ), ಅದಕ್ಕೆ ನಾನು ಉತ್ತರ ಕೊಡುವವರೆಗೆ ಇಡೀ ಬಿಲ್ಲು ತಡೆ. ಹೀಗೆ ನವೆಂಬರ್ ಬಿಲ್ಲಿನ ದುಡ್ಡು ಬಂದಿದ್ದು ಫೆಬ್ರವರಿ ಕೊನೆಗೆ. ಅದೂ 19,000 ಮುರಿದುಕೊಂಡು 2,05,000.

ಅಷ್ಟರಲ್ಲಿ ನಾಲ್ಕು ತಿಂಗಳ ಮಾಲು ಕೊಟ್ಟಾಗಿತ್ತು. ಖರ್ಚು ನಾಲ್ಕು ಸಲ 1,72,000, ಅಂದರೆ 6,88,000. ಜಿಎಸ್‌ಟಿ ನಾಲ್ಕು ಸಲ 24,000, ಅಂದರೆ 96,000. ಸ್ವಲ್ಪ ಎಣ್ಣೆ, ಕವರು ಕೊಳ್ಳುವಾಗಲೇ ಕಟ್ಟಿದ್ದು, ಉಳಿದದ್ದು ಸರ್ಕಾರಕ್ಕೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಬಿಲ್ಲು ಹಾಕಿದ ಮೇಲೆ, ಕೊಂಡವರು ದುಡ್ಡು ಕೊಡಲಿ ಬಿಡಲಿ, ಆ ತಿಂಗಳ ತೆರಿಗೆ ನೀವು ಕಟ್ಟಲೇಬೇಕು. ಇಲ್ಲದ ದುಡ್ಡಿಗೆ ಇರುವ ದುಡ್ಡಿನಿಂದ ತೆರಿಗೆ. ಹೊರಗೆ ಹೋಗಿದ್ದು 7,84,000, ಒಳಗೆ ಬಂದಿದ್ದು 2,05,000. ಡೈರಿ ಹೇಳುತ್ತಿತ್ತು 1,12,000 ಲಾಭ ಅಂತ. ನಿಜದಲ್ಲಿ 5,79,000 ಹಳ್ಳ. ಆ ಹಳ್ಳಕ್ಕೆ ನನ್ನ ಉಳಿತಾಯ 3,50,000 ಹೋಯಿತು, ಹೆಂಡತಿಯ ಬಳೆ ಅಡ ಇಟ್ಟ 1,50,000 ಹೋಯಿತು, ಉಳಿದದ್ದು ಕೈಸಾಲ.

ಇನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ನನಗೇ ಇದು ಅರ್ಥ ಆಗಲು ಆರು ತಿಂಗಳು ಹಿಡಿಯಿತು. ಮಂಡಿಪೇಟೆಯ ಎಣ್ಣೆ ಅಂಗಡಿಯವರು ನನಗೆ ಕೊಟ್ಟಿದ್ದು 15 ದಿನದ ಉದ್ರಿ. ನಾನು ಕೊಟ್ಟಿದ್ದು 90 ದಿನದ್ದು. ನಡುವಿನ 75 ದಿನ ಯಾರೋ ಒಬ್ಬರು ದುಡ್ಡು ಹಾಕಬೇಕಲ್ಲ? ಆ ಕೋಟಿಗಟ್ಟಲೆ ವ್ಯಾಪಾರದ ಕಂಪನಿಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟವನು, ಬಾಡಿಗೆ ಶೆಡ್ಡಿನಲ್ಲಿ ಚಕ್ಕುಲಿ ಒತ್ತಿಸುತ್ತಿದ್ದ ನಾನು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಮೊದಲು ಕಂಡುಹಿಡಿದಿದ್ದು ನಾನಲ್ಲ, ಚಕ್ಕುಲಿ ಒತ್ತುತ್ತಿದ್ದ ಅಕ್ಕ. ನಮ್ಮಲ್ಲಿ ಬಟವಾಡೆ ಶನಿವಾರ ಸಂಜೆ. ಒಂದು ಶನಿವಾರ ಒರಳಿಗೆ ಅಂಟಿದ ಹಿಟ್ಟು ಬೆರಳಲ್ಲಿ ಕೆರೆದು ತೆಗೆಯುತ್ತಾ ಕೇಳಿದರು, 'ಏನಣ್ಣ, ಗಾಡಿ ಗಾಡಿ ಮಾಲು ಹೋಗ್ತೈತೆ. ಶನಿವಾರ ಬಂದ್ರೆ ಮಾತ್ರ ನಿನ್ ಮುಖ ಬಾಡೋಗ್ತೈತಲ್ಲ, ಯಾಕೆ?' ಅವತ್ತು ಅವರಿಗೆ ಅರ್ಧ ಕೂಲಿ ಕೊಟ್ಟು ಉಳಿದದ್ದು ಸೋಮವಾರ ಅಂದೆ. ಅವರು ಏನೂ ಅನ್ನಲಿಲ್ಲ. ನೋಟನ್ನು ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟಾದರೂ ನಾನು ಬಾಯಿ ಬಿಟ್ಟು ದುಡ್ಡು ಕೇಳಲಿಲ್ಲ. ದಾಕ್ಷಿಣ್ಯ. ಜೋರು ಮಾಡಿದರೆ ಆರ್ಡರ್ ನಿಲ್ಲಿಸಿಬಿಟ್ಟರೆ? ಕೊನೆಗೆ ಮಾರ್ಚ್‌ನಲ್ಲಿ ಅವರ ಆಫೀಸಿಗೆ ಹೋದೆ. ಅಕೌಂಟ್ಸ್‌ನ ಹುಡುಗ ತುಂಬಾ ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದ. 'ಸರ್, ಸಿಸ್ಟಂನಲ್ಲಿ ಇನ್ನೂ ಅಪ್ರೂವ್ ಆಗಿಲ್ಲ ಸರ್' ಅಂದ. ಎರಡು ಗಂಟೆ ಕೂತು, ಅವನಿಗೇ ಥ್ಯಾಂಕ್ಸ್ ಹೇಳಿ ಎದ್ದು ಬಂದೆ! ರೈಲಿನಲ್ಲಿ ನೆನಪಾಯಿತು, ಹುಡುಗನಿಗೆ ಅಂತ ಒಂದು ಪ್ಯಾಕೆಟ್ ಕೋಡುಬಳೆ ಕೂಡ ಪುಕ್ಕಟೆ ಕೊಟ್ಟು ಬಂದಿದ್ದೆ.

ಅದೇ ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಗಿತ್ತು. ನಮ್ಮ ದೇಶಕ್ಕೆ ಸೂರ್ಯಕಾಂತಿ ಎಣ್ಣೆ ಜಾಸ್ತಿ ಬರುತ್ತಿದ್ದುದೇ ಅಲ್ಲಿಂದ. ಎಣ್ಣೆ ಟಿನ್ನಿನ ಬೆಲೆ ವಾರ ವಾರ ಏರಿತು. ಏಪ್ರಿಲ್ 28ರಿಂದ ಇಂಡೋನೇಷ್ಯಾದವರು ತಾಳೆ ಎಣ್ಣೆ ರಫ್ತು ನಿಲ್ಲಿಸಿದರು. ಅಲ್ಲಿಗೆ ಅಗ್ಗದ ಎಣ್ಣೆಗೆ ಬದಲಾಗುವ ದಾರಿಯೂ ಮುಚ್ಚಿತು. ನನ್ನ ಮಾರುವ ಬೆಲೆ ಒಂದು ವರ್ಷಕ್ಕೆ ಅಂತ ಬರೆದುಕೊಟ್ಟಾಗಿತ್ತು. ಆ ತಿಂಗಳ ಕೊನೆಗೆ ಮಾಲು ಕಳಿಸುವುದನ್ನು ನಿಲ್ಲಿಸಿದೆ.

ಬಾಕಿ ಕಂತು ಕಂತಾಗಿ 2023ರವರೆಗೂ ಬಂತು. 1,36,000 ಬರಲೇ ಇಲ್ಲ. ನಮ್ಮಂಥ ಸಣ್ಣವರಿಗೆ 2006ರ ಕಾಯ್ದೆ ಒಂದಿದೆ. ಕೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು, ಕರಾರು ಬರೆದುಕೊಂಡು ಇನ್ನೂ ಜಾಸ್ತಿ ದಿನ ಹಾಕಿದರೂ ನಡೆಯುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತು ಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಅದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲಿ ಕೂತು ಮಾಡಬಹುದು, ಒಂದು ರೂಪಾಯಿ ಫೀಸಿಲ್ಲ. ನಾನು ಮಾಡಿಸಿದ್ದು ಮಾಲು ನಿಲ್ಲಿಸಿದ ಮೇಲೆ, ಜೂನ್‌ನಲ್ಲಿ. ನೋಂದಣಿಗೆ ಮೊದಲು ಕೊಟ್ಟ ಮಾಲಿಗೆ ಇದು ಅನ್ವಯ ಆಗುವುದಿಲ್ಲ ಅಂತ ವಕೀಲರು ಕೈ ಚೆಲ್ಲಿದರು. ಕಾಲು ಗಂಟೆಯ ಕೆಲಸ ರೀ ಅದು. ನೀವು ಇದನ್ನು ಓದಿ ಮುಗಿಸಿದ ತಕ್ಷಣ ಮಾಡಿ.

ಈಗ ನಿಮ್ಮ ಪ್ರಶ್ನೆ. ಗುಣಗಳು. ಧೈರ್ಯ, ಛಲ, ದೂರದೃಷ್ಟಿ ಅಂತ ಪಟ್ಟಿ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಆ ಪಟ್ಟಿಯಲ್ಲಿ ನಂಬಿಕೆ ಇಲ್ಲ. ವಿಆರ್‌ಎಲ್ ಸಾರಿಗೆ ಕಂಪನಿಯ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ, ಕೇಳಿ ನಮಗೂ ಮೈ ಬಿಸಿಯಾಗುತ್ತದೆ. ಆದರೆ ಅದೇ ಕಾಲಕ್ಕೆ ಒಂದು ಲಾರಿ ಕೊಂಡು ಮುಳುಗಿದವರಿಗೂ ಧೈರ್ಯ, ಛಲ ಇರಲಿಲ್ಲವೇ? ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ಅಷ್ಟೇ.

ನನಗೆ ಇಷ್ಟವಾಗುವ ಕಥೆ ಬೇರೆ. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ಅವರ ತಮ್ಮ ಡಾಕ್ಟರ್ ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲಿ ಅಂತ. 1928ರಲ್ಲಿ ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ತಗೊಂಡು ಹೋಗುತ್ತಿದ್ದ. ಅದೇ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ನೀವು 'ಸಮಾಜಕ್ಕೆ ಉದ್ಯಮಿಗಳ ಕೊಡುಗೆ ಏನು' ಅಂತಲೂ ಕೇಳಿದ್ದೀರಲ್ಲ, ನನ್ನ ಕಣ್ಣಿಗೆ ಇದು ದೊಡ್ಡ ಕೊಡುಗೆ. ಬ್ಯಾಂಕಿನ ಮೆಟ್ಟಿಲು ಹತ್ತದವರಿಗೂ ದಿನದ ದುಡಿಮೆಯಲ್ಲಿ ಒಂದು ಚೂರು ತೆಗೆದಿಡುವ ಅಭ್ಯಾಸ ಮಾಡಿಸಿದರು. ಅವರು ಮಾಡಿದ ಉಪಾಯದ ಒಳಗೆ ಏನಿದೆ ನೋಡಿ: ಸಣ್ಣ ದುಡ್ಡು, ದಿನಾ, ನಾಚಿಕೆ ಇಲ್ಲದೆ ಹೋಗಿ ಕೇಳುವುದು. ನನ್ನ 40 ಅಂಗಡಿಯ ಸುತ್ತಾಟವೂ ಅದೇ ಆಗಿತ್ತು. ಅದನ್ನೇ ನಾನು ಕೀಳು ಕೆಲಸ ಅಂದುಕೊಂಡು ಬಿಟ್ಟೆ.

ನಿಮ್ಮ ಸಾರಿನ ಪುಡಿಗೆ ಹತ್ತಿರದ್ದು ಎಂಟಿಆರ್. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಕಟ್ಟು ಹಾಕಿತು, ಆ ಬೆಲೆಗೆ ಹೋಟೆಲ್ ನಡೆಸುವುದು ಕಷ್ಟವಾಯಿತು. ಅವರು ರವೆ ಇಡ್ಲಿ ಮಿಕ್ಸ್‌ನಂಥ ಪ್ಯಾಕೆಟ್ ಮಾರಲು ತಿರುಗಿದರು. ಇದನ್ನು ದೂರದೃಷ್ಟಿ ಅಂತ ಕರೆಯುತ್ತಾರೆ. ನನಗೆ ಕಾಣುವುದು, ಬಾಗಿಲು ಮುಚ್ಚುವ ಹೊತ್ತಿನಲ್ಲಿ ಇರುವ ಕೆಲಸಗಾರರಿಗೆ, ಇರುವ ಕೈರುಚಿಗೆ ಬೇರೆ ದಾರಿ ಹುಡುಕಿದ್ದು.

ಆದ್ದರಿಂದ 'ರಿಸ್ಕ್ ಅಂದರೆ ಭಯ, ನನಗೆ ಉದ್ಯಮ ಆಗಿ ಬರುತ್ತಾ' ಅನ್ನುವ ಪ್ರಶ್ನೆಯೇ ತಲೆಕೆಳಗು. ನನಗೆ ಭಯ ಇರಲಿಲ್ಲ, ಅದಕ್ಕೇ ಮುಳುಗಿದ್ದು. ಸಾಲಕ್ಕೆ ಹೆದರುವವರು ದುಡ್ಡು ಯಾವ ದಿನ ಬರುತ್ತೆ ಅಂತ ಮೊದಲು ಕೇಳುತ್ತಾರೆ. ಆ ಭಯ ಇಟ್ಟುಕೊಳ್ಳಿ. ನೀವು ಬರೆದಿರುವ ಇನ್ನೊಂದು ಮಾತು, 'ಸಂಕೋಚದ ಸ್ವಭಾವ', ಅದು ಮಾತ್ರ ನಿಜವಾದ ತೊಂದರೆ. ಜನರ ಜೊತೆ ಹರಟಲು ಬರದಿದ್ದರೆ ಪರವಾಗಿಲ್ಲ. ನಿಮ್ಮದೇ ದುಡ್ಡನ್ನು ಕೇಳಲು ನಾಲಿಗೆ ಏಳದಿದ್ದರೆ ಸುಮ್ನೆ ಕೆಲಸದಲ್ಲೇ ಇರಿ. ಕಟುವಾಯಿತೇನೋ, ಆದರೂ ಇರಲಿ.

ಕೆಲಸ ಬಿಡಬೇಕಾ ಬೇಡವಾ ಅನ್ನುವುದಕ್ಕೆ ನನ್ನ ಹತ್ತಿರ ದೊಡ್ಡ ತೂಕದ ಉತ್ತರ ಇಲ್ಲ. ಈಗಲೇ ಬಿಡಬೇಡಿ. ಭಾನುವಾರ ಇಪ್ಪತ್ತು ಅಂಗಡಿಗೆ ಪುಡಿ ಹಾಕಿ, ಮುಂದಿನ ಭಾನುವಾರ ಹೋಗಿ ವಸೂಲಿ ಮಾಡಿ. ಮೂರು ತಿಂಗಳು ಮಾಡಿ ನೋಡಿದರೆ ಪುಡಿ ಹೇಗಿದೆ ಅನ್ನುವುದೂ ಗೊತ್ತಾಗುತ್ತೆ, ನೀವು ಹೇಗೆ ಅನ್ನುವುದೂ ಗೊತ್ತಾಗುತ್ತೆ.

ನಾನು ಈಗ 60 ಅಂಗಡಿಗೆ ಹಾಕುತ್ತೇನೆ. ನಗದು, ಇಲ್ಲವೇ ಒಂದು ವಾರ. ಒಬ್ಬರು ದೊಡ್ಡ ಗಿರಾಕಿ ಇದ್ದಾರೆ, ಅವರಿಗೆ ಒಟ್ಟು ಮಾಲಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೊಡುವುದಿಲ್ಲ. ಅವರು ತಡ ಮಾಡುವುದೂ ಇಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ: ನಮ್ಮಂಥ ನೋಂದಾಯಿತ ಸಣ್ಣ ತಯಾರಕರಿಗೆ ಹೇಳಿದ ಸಮಯದಲ್ಲಿ ದುಡ್ಡು ಕೊಡದೆ ಬಾಕಿ ಉಳಿಸಿಕೊಂಡರೆ, ಕೊಡುವವರೆಗೆ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಅವರ ಆಡಿಟರೇ ನೆನಪಿಸುತ್ತಾರಂತೆ. ಚಕ್ಕುಲಿ ಒತ್ತುವ ಅಕ್ಕ ಇನ್ನೂ ನಮ್ಮಲ್ಲೇ ಇದ್ದಾರೆ. ಸಂಜೆ ಪಿಗ್ಮಿಯವರು ಬಂದರೆ ನಾನು 300 ಕಟ್ಟುತ್ತೇನೆ, ಅಕ್ಕ 50.

ನಿಮ್ಮ ಪ್ರಶ್ನೆಯಲ್ಲಿ ಎಲ್ಲ ಬರೆದಿದ್ದೀರಿ. ಆ ಸೂಪರ್ ಮಾರ್ಕೆಟ್‌ನವರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ, ಆ ದಿನ ಎಲ್ಲಿಂದ ಎಣಿಸುತ್ತಾರೆ, ಮಾರಾಟವಾಗದ ಮಾಲು ವಾಪಸ್ ಬರುತ್ತಾ, ಈ ಮೂರನ್ನು ಮಾತ್ರ ಬಿಟ್ಟಿದ್ದೀರಿ. ಕೇಳಿಕೊಂಡು ಬಂದು ಕೆಳಗೆ ಬರೆಯಿರಿ, ಕೂತು ಲೆಕ್ಕ ಹಾಕೋಣ.