ಕೊಯೋಟಿ ಪಾಯಿಂಟ್‌ನಲ್ಲಿ ಗಾಳಿ ಮುನ್ಸೂಚನೆಗಿಂತ ಜಾಸ್ತಿ ಯಾಕೆ?

ಮೊಬೈಲಿನ ಮುನ್ಸೂಚನೆಯಲ್ಲಿ 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ತೋರಿಸಿತ್ತು, ವಿಂಡ್‌ಸರ್ಫಿಂಗ್‌ಗೆ ಅಂತ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿರುವ ಸ್ಯಾನ್ ಮಟೇಯೊದ ಕೊಯೋಟಿ ಪಾಯಿಂಟ್‌ಗೆ ಹೋದರೆ 20 ನಾಟ್ ಬೀಸುತ್ತಿತ್ತು, ಯಾಕೆ ಅಂತ ಕೇಳಿದ್ದೀರಿ ಅಲ್ವಾ? ತಪ್ಪು ನಿಮ್ಮದಲ್ಲ. ಅಲ್ಲಿಗೆ ಗಾಳಿ ಬರುವುದು ಸ್ಯಾನ್ ಬ್ರೂನೋ ಬಳಿ ಗುಡ್ಡಸಾಲು ತಗ್ಗಾಗಿರುವ ಕಿಂಡಿಯಿಂದ. ಮೊಬೈಲಿನ ಮುನ್ಸೂಚನೆ ಹೆಚ್ಚಾಗಿ ಜಿಎಫ್‌ಎಸ್‌ನಂಥ ಹವಾಮಾನ ಮಾದರಿಯಿಂದ, ಅಂದರೆ ನೆಲವನ್ನು ಚೌಕಗಳಾಗಿ ಹಂಚಿ ಗಾಳಿಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನಿಂದ, ಬರುತ್ತದೆ. ಜಿಎಫ್‌ಎಸ್‌ನ ಒಂದೊಂದು ಚೌಕ ಸುಮಾರು 13 ಕಿ.ಮೀ. ಆ ಕಿಂಡಿ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. 3 ಕಿ.ಮೀ. ಚೌಕದ ಎಚ್‌ಆರ್‌ಆರ್‌ಆರ್ ಅನ್ನುವ ಮಾದರಿ ನೋಡಿ, ಎಷ್ಟೋ ವಾಸಿ.

ಜೊತೆಗೆ ಒಳನಾಡಿನ ಸ್ಯಾಕ್ರಮೆಂಟೊ ಕಡೆ ಬಿಸಿಲು ಹೇಗಿದೆ ನೋಡಿ. ಒಳನಾಡು ಕಾದಷ್ಟೂ ಅಲ್ಲಿ ಒತ್ತಡ ಇಳಿಯುತ್ತದೆ, ಸಮುದ್ರದ ತಣ್ಣನೆಯ ಗಾಳಿ ಅತ್ತ ನುಗ್ಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಜೋರು. ಹೊರಡುವ ಮುಂಚೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಆ ಹೊತ್ತಿಗೆ ಎಷ್ಟು ಗಾಳಿಯಿದೆ ಅಂತ ನೋಡುವುದನ್ನು ಮಾತ್ರ ಬಿಡಬೇಡಿ. ಅದು ಆ ಕಿಂಡಿಯ ಬಾಯಲ್ಲೇ ಇದೆ. ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ವೇಗ ದುಪ್ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಚಿಕ್ಕ ಹಾಯಿಯೂ ಕಾರಿನಲ್ಲಿರಲಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ರಿಸ್ಸಿ ಫೀಲ್ಡ್ ದಡಕ್ಕೆ ಈಗಲೇ ಹೋಗಬೇಡಿ. ಅಲ್ಲಿ ಸಮುದ್ರದ ಇಳಿತದ ಹೊತ್ತಿಗೆ ನೀರು ಗೋಲ್ಡನ್ ಗೇಟ್ ಕಡೆಗೇ, ಅಂದರೆ ಕೊಲ್ಲಿ ಸಮುದ್ರಕ್ಕೆ ಸೇರುವ ಬಾಯಿಯ ಕಡೆಗೆ, ಎಳೆಯುತ್ತದೆ. ಸಂಜೆ ಗಾಳಿ ಬಿದ್ದುಹೋದರೆ ವಾಪಸ್ ಬರುವುದು ಬಹಳ ಕಷ್ಟ.