ಬ್ರೂಸ್ ಲೀ ಆದ ಮೇಲೆ ಗಾರ್ಡನ್ ಲಿಯು

ಬ್ರೂಸ್ ಲೀ ಸಿನಿಮಾ ಎಲ್ಲ ನೋಡಿ ಮುಗಿಸಿದ್ದೀರಿ, ಹಳೇ ಕುಂಗ್ ಫೂ ನಟರಲ್ಲಿ ಮುಂದೆ ಯಾರನ್ನು ನೋಡಲಿ ಎಂದು ಕೇಳಿದ್ದೀರಿ. ನಾನು ಹೇಳುವುದು ಒಂದೇ ಹೆಸರು: ಗಾರ್ಡನ್ ಲಿಯು.

ಹಾಂಗ್‌ಕಾಂಗಿನ ಸಿನಿಮಾ ಕಂಪನಿ ಶಾ ಬ್ರದರ್ಸ್ 1978ರಲ್ಲಿ ತೆಗೆದ 'ದಿ 36ತ್ ಚೇಂಬರ್ ಆಫ್ ಶಾವೊಲಿನ್'ನಿಂದ ಶುರು ಮಾಡಿ. ಅದರ ಜೀವ ಇರುವುದು ಹೊಡೆದಾಟಕ್ಕಿಂತ ಜಾಸ್ತಿ ಕಲಿಕೆಯಲ್ಲಿ. ತೋಳಿಗೆ ಚೂರಿ ಕಟ್ಟಿಕೊಂಡು, ಎರಡೂ ಕೈ ಚಾಚಿ ನೀರಿನ ಬಕೆಟ್ ಹೊತ್ತು ಏರು ಹತ್ತುವ ದೃಶ್ಯ ಇದೆ. ತೋಳು ಸ್ವಲ್ಪ ಇಳಿದರೂ ಚೂರಿ ಪಕ್ಕೆಗೆ ಚುಚ್ಚುತ್ತದೆ. ಆಗ ಲಿಯು ಮುಖದಲ್ಲಿ ಕಾಣುವ ಹಟ ನನಗೆ ಎಷ್ಟು ಸಲ ನೋಡಿದರೂ ಸಾಲದು. ಅವರು ಹಂಗ್ ಗಾರ್ ಎಂಬ ಕುಂಗ್ ಫೂ ಶೈಲಿಯನ್ನು ನಿಜಕ್ಕೂ ಕಲಿತವರು. ಈ ಚಿತ್ರದ ನಿರ್ದೇಶಕ ಲಾವ್ ಕಾರ್ ಲ್ಯುಂಗ್ ಅವರ ತಂದೆಯೇ ಗುರು. ಸುಮ್ನೆ ಕೈಕಾಲು ಬೀಸುವವರಿಗೂ ಇವರಿಗೂ ವ್ಯತ್ಯಾಸ ನಿಂತ ಭಂಗಿಯಲ್ಲೇ ಗೊತ್ತಾಗುತ್ತದೆ, ಪಾದ ಗಮನಿಸಿ.

ಆಮೇಲೆ 1980ರ 'ಕ್ಲಾನ್ ಆಫ್ ದಿ ವೈಟ್ ಲೋಟಸ್' ನೋಡಿ. ಅದರಲ್ಲಿ ಖಳನಾಗಿ ಲೋ ಲಿಯೆ ಇದ್ದಾರೆ, ನಿರ್ದೇಶನವೂ ಅವರದೇ. ಅವರನ್ನೂ ಹುಡುಕಿ ನೋಡಲೇಬೇಕು.

ಅಂದ ಹಾಗೆ, 2004ರ 'ಕಿಲ್ ಬಿಲ್' ಎರಡನೇ ಭಾಗ ನೋಡಿದ್ದೀರಾ? ಅದರ ಬಿಳಿ ಗಡ್ಡದ ಗುರು ಪಾಯ್ ಮೇ ಕೂಡ ಗಾರ್ಡನ್ ಲಿಯು ಅವರೇ.