ಹೊಸ ದಾಖಲೆ ವ್ಯವಸ್ಥೆ ಬಂದರೂ ಸಿಬ್ಬಂದಿ ಹಳೆಯ ಫೋಲ್ಡರುಗಳನ್ನು ಬಿಡುತ್ತಿಲ್ಲ, ಏನು ಮಾಡಬೇಕು?

ಕಂಪನಿ ಹಣ ಸುರಿದು ದಾಖಲೆ ನಿರ್ವಹಣೆಯ ಹೊಸ ಸಾಫ್ಟ್‌ವೇರ್ ತಂದಿದೆ, ಎರಡು ದಿನದ ತರಬೇತಿಯೂ ಮುಗಿದಿದೆ, ಆದರೂ ಆರು ತಿಂಗಳ ಮೇಲೆ ಖರೀದಿ ವಿಭಾಗದವರು ಎಲ್ಲವನ್ನೂ ತಮ್ಮ ಡೆಸ್ಕ್‌ಟಾಪ್ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತಿದ್ದಾರೆ, ಒಪ್ಪಂದಗಳು ಇಮೇಲಿನಲ್ಲೇ ಓಡಾಡುತ್ತಿವೆ ಎಂದು ಬರೆದಿದ್ದೀರಿ. ಮತ್ತೊಂದು ಸುತ್ತು ತರಬೇತಿ ಕೊಡಿಸಬೇಕೇ ಅಥವಾ ಕಟ್ಟುನಿಟ್ಟಿನ ಆದೇಶ ಹೊರಡಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದಾಖಲೆ ವಿಭಾಗವನ್ನು ನೋಡಿಕೊಂಡವನಾಗಿ ಹೇಳುವುದಾದರೆ, ಸದ್ಯಕ್ಕೆ ಎರಡೂ ಬೇಡ. ಆ ಖಾಸಗಿ ಫೋಲ್ಡರುಗಳು ಏಕೆ ಹುಟ್ಟಿಕೊಂಡವು ಎಂಬುದನ್ನು ಮೊದಲು ಅವುಗಳನ್ನು ಇಟ್ಟುಕೊಂಡವರ ಪಕ್ಕದಲ್ಲಿ ಕುಳಿತು ತಿಳಿದುಕೊಳ್ಳಿ.

ನಮ್ಮಲ್ಲಿಯೂ ಮೊದಲ ಪ್ರಯತ್ನ ಸೋತಿತ್ತು. ಸಿಬ್ಬಂದಿಗೆ ಕಂಪ್ಯೂಟರಿನ ಭಯ ಎಂದೇ ಆಗ ನಾನು ನಂಬಿದ್ದೆ. ಸ್ಟೋರ್ಸ್ ವಿಭಾಗದ ಒಬ್ಬ ಹಿರಿಯರು ತಮ್ಮ ಬೀರುವಿನಲ್ಲಿ ಹನ್ನೊಂದು ಬಾಕ್ಸ್ ಫೈಲುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಕಾರಣ ಕೇಳಿದಾಗ ಮಾಸಿದ ಒಂದು ಜೆರಾಕ್ಸ್ ಪ್ರತಿಯನ್ನು ತೆಗೆದು ತೋರಿಸಿದರು. ಎಷ್ಟೋ ವರ್ಷಗಳ ಹಿಂದೆ ಆಡಿಟ್‌ನಲ್ಲಿ ಸರಕಿನ ಲೆಕ್ಕ ತಾಳೆಯಾಗದೆ ಅವರ ಮೇಲೆ ಅನುಮಾನ ಬಂದಿತ್ತಂತೆ. ರೆಕಾರ್ಡ್ ರೂಮಿನಲ್ಲಿ ಮೂಲ ಚಲನ್ ಸಿಗದೆ ಹೋದಾಗ ಅವರನ್ನು ಉಳಿಸಿದ್ದು ಆ ಜೆರಾಕ್ಸ್. “ಇದನ್ನೂ ನಿಮ್ಮ ಸಿಸ್ಟಮ್‌ಗೆ ಹಾಕಿದರೆ, ನಾಳೆ ನನ್ನನ್ನು ಕೇಳಿದಾಗ ಸಿಕ್ಕೇ ಸಿಗುತ್ತದೆ ಅಂತ ಯಾರು ಹೊಣೆ ಹೊರುತ್ತೀರಿ ಸರ್?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಎಷ್ಟು ತರಬೇತಿ ಕೊಟ್ಟರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದು ಅಂದು ನನಗೆ ಮನವರಿಕೆಯಾಯಿತು.

ಆಮೇಲೆ ನಾವು ಮಾಡಿದ ಕೆಲಸ ಬಹಳ ಸರಳವಾದದ್ದು. ಹಿಂದಿನ ವರ್ಷ ಅವರು ನಿಜವಾಗಿ ಹುಡುಕಬೇಕಾಗಿ ಬಂದ ಹತ್ತು ಕಾಗದಗಳ ಪಟ್ಟಿ ಮಾಡಿಸಿ, ಅವನ್ನೆಲ್ಲ ಹೊಸ ವ್ಯವಸ್ಥೆಯಲ್ಲಿ ಅವರ ಕೈಯಿಂದಲೇ ಹುಡುಕಿಸಿದೆವು. ಎಲ್ಲವೂ ಸ್ಕ್ಯಾನ್ ಆಗಿ ಒಳಗೇ ಇದ್ದವು, ಆದರೂ ಮೂರು ಮಾತ್ರ ಸಿಕ್ಕವು. ಸರಕು ಬಂದು ಸೇರಿದ್ದಕ್ಕೆ ಬರೆಯುವ ಸ್ವೀಕೃತಿ ಚೀಟಿಗೆ (ಗೂಡ್ಸ್ ರಿಸೀವ್ಡ್ ನೋಟ್) ಅವರು ಬಾಯಿರೂಢಿಯಂತೆ ‘ಜಿಆರ್‌ಎನ್’ ಎಂದು ಟೈಪ್ ಮಾಡುತ್ತಿದ್ದರು. ಮುಖ್ಯ ಕಚೇರಿಯ ಸಮಿತಿ ಆ ಕಾಗದಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ಆ ಮೂರು ಅಕ್ಷರಗಳೇ ಇರಲಿಲ್ಲ. ಸರಕು ಇಳಿಸುವ ಗಡಿಬಿಡಿಯಲ್ಲಿ ನಿಂತವನು ಒಂದು ಕಾಗದ ಸೇರಿಸಲು ಒಂಬತ್ತು ಕಾಲಂ ತುಂಬಬೇಕಾಗಿತ್ತು. ಶೀರ್ಷಿಕೆಗಳನ್ನು ಆಯಾ ವಿಭಾಗದ ಮಾತಿನಲ್ಲೇ ಹೊಸದಾಗಿ ಕಟ್ಟಿದೆವು, ಕಾಲಂಗಳನ್ನು ಮೂರಕ್ಕೆ ಇಳಿಸಿದೆವು, ಉಳಿದದ್ದು ಖರೀದಿ ಆದೇಶದ ಸಂಖ್ಯೆಯಿಂದ ತಾನಾಗಿ ತುಂಬಿಕೊಳ್ಳುವಂತೆ ಮಾಡಿಸಿದೆವು. ದಾಖಲೆ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15489, 2001ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾಯಿತು. ದಾಖಲೆಯು ಅಧಿಕೃತವೂ ನಂಬಲರ್ಹವೂ ಅಖಂಡವೂ ಆಗಿರುವುದರ ಜೊತೆಗೆ ಬಳಸಲು ಬರುವಂತಿರಬೇಕು ಎಂದು ಅದು ಹೇಳುತ್ತದೆ. ಈ ನಾಲ್ಕನೆಯದನ್ನೇ ನಾವೆಲ್ಲ ಮೊದಲು ಮರೆಯುತ್ತೇವೆ.

ಸರ್ಕಾರಿ ದಾಖಲೆಯದಾದರೂ, ನಮ್ಮದೇ ರಾಜ್ಯದ ‘ಭೂಮಿ’ ಯೋಜನೆಯ ಕಥೆ ನಿಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗ ಕರ್ನಾಟಕದಲ್ಲಿ 1991ರಲ್ಲೇ ಆರಂಭವಾಗಿ, 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೆ ಪಹಣಿಯಲ್ಲಿ ಬದಲಾವಣೆ ನಿಜವಾಗಿ ದಾಖಲಾಗುತ್ತಿದ್ದ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಅದರಲ್ಲಿರಲಿಲ್ಲ, ಹಾಗಾಗಿ ಅದು ಫಲ ಕೊಡಲಿಲ್ಲ. ಮುಂದೆ ‘ಭೂಮಿ’ ಬಂದಾಗ ಕೆಲಸ ತಾಲ್ಲೂಕು ಕಚೇರಿಗೇ ಇಳಿಯಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು, ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತಾಯಿತು, ಯಾವ ಅಧಿಕಾರಿ ಏನು ಬದಲಿಸಿದರು ಎಂಬುದಕ್ಕೆ ಬೆರಳಚ್ಚಿನ ಲಾಗಿನ್ ಸಾಕ್ಷಿಯಾಯಿತು. ಇಷ್ಟಾದ ಮೇಲೆ ಕೈಬರಹದ ಪಹಣಿಯ ಕಾನೂನು ಮಾನ್ಯತೆಯನ್ನು ತೆಗೆದುಹಾಕಲಾಯಿತು. ಈ ಅನುಕ್ರಮವನ್ನು ಗಮನಿಸಿ: ಹೊಸ ದಾರಿ ನಡೆಯುವಂತಾದ ಮೇಲೆ ಹಳೆಯ ದಾರಿ ಮುಚ್ಚಿತು, ಆದರೆ ಮುಚ್ಚಿದ್ದು ಪೂರ್ತಿಯಾಗಿ. ಎರಡೂ ಪಹಣಿಗಳು ಒಟ್ಟಿಗೆ ಮಾನ್ಯವಾಗಿ ಉಳಿದಿದ್ದರೆ ಜನ ತಮಗೆ ಅನುಕೂಲವಾದದ್ದನ್ನೇ ಹಿಡಿದುಕೊಳ್ಳುತ್ತಿದ್ದರು.

ಆದ್ದರಿಂದ ನಿಮ್ಮ ಆದೇಶಕ್ಕೂ ಒಂದು ಸ್ಥಾನವಿದೆ, ಆದರೆ ಅದು ಹುಡುಕಾಟದ ಪರೀಕ್ಷೆ ಗೆದ್ದ ಮೇಲೆ. ಒಂದೊಂದೇ ವಿಭಾಗವನ್ನು ತೆಗೆದುಕೊಂಡು, ತಿಂಗಳ ಮುಂಚೆಯೇ ದಿನಾಂಕ ತಿಳಿಸಿ, ಆ ದಿನದಿಂದ ಹಳೆಯ ಶೇರ್ಡ್ ಡ್ರೈವನ್ನು ಓದಲು ಮಾತ್ರ ಬರುವಂತೆ ಮಾಡಿ. ಅಳಿಸಬೇಡಿ. ಅದೇ ದಿನದಿಂದ ಅನುಮೋದನೆಗೆ ಬರುವ ಒಪ್ಪಂದ ಹೊಸ ವ್ಯವಸ್ಥೆಯ ಮೂಲಕವೇ ಬರಬೇಕು, ಇಮೇಲಿನಲ್ಲಿ ಬಂದದ್ದಕ್ಕೆ ಸಹಿ ಇಲ್ಲ ಎಂದು ನಿಮ್ಮ ಹಣಕಾಸು ಮುಖ್ಯಸ್ಥರು ಸ್ವತಃ ಪಾಲಿಸಬೇಕು. ಅವರೇ ಒಮ್ಮೆ “ಇದೊಂದು ಸಲ ಮೇಲ್ ಮಾಡಿ” ಎಂದರೆ ನಿಮ್ಮ ಆರು ತಿಂಗಳ ಶ್ರಮ ಅಲ್ಲಿಗೆ ಮುಗಿಯಿತು.

ವಿಲೇವಾರಿಯ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಕಾಗದ ನಾಶಪಡಿಸಲು ಯಾರೂ ಒಬ್ಬರೇ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಕಂಪನಿ ಕಾಯ್ದೆ 2013ರ 128ನೇ ಕಲಂ ಪ್ರಕಾರ ಲೆಕ್ಕಪುಸ್ತಕಗಳನ್ನು ಮತ್ತು ಅವುಗಳ ವೋಚರುಗಳನ್ನು ಕನಿಷ್ಠ 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಎನ್ನುತ್ತದೆ. ಒಂದೇ ಇನ್‌ವಾಯ್ಸ್‌ಗೆ ಎರಡೂ ಅನ್ವಯಿಸಿದಾಗ ದೀರ್ಘವಾದ ಅವಧಿಯನ್ನೇ ಹಿಡಿಯಬೇಕೆಂದು, ಯಾವ ದಾಖಲೆಯನ್ನು ಎಷ್ಟು ಕಾಲ ಇಡಬೇಕೆಂದು ಹೇಳುವ ಅವಧಿಪಟ್ಟಿಯಲ್ಲಿ ಬರೆದು, ಕಾನೂನು ಮತ್ತು ಹಣಕಾಸು ಮುಖ್ಯಸ್ಥರಿಬ್ಬರ ಸಹಿ ಪಡೆಯಿರಿ. ವ್ಯಾಜ್ಯ ಅಥವಾ ತನಿಖೆಯ ಸುಳಿವು ಸಿಕ್ಕ ಕ್ಷಣವೇ ವಿಲೇವಾರಿ ನಿಲ್ಲಬೇಕೆಂಬುದನ್ನೂ ಅದರಲ್ಲೇ ಸೇರಿಸಿ. ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕಪತ್ರ ವಂಚನೆಯ ಪ್ರಕರಣದಲ್ಲಿ, ಅದರ ಲೆಕ್ಕ ಪರಿಶೋಧನೆ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆಗೆ ದಾಖಲೆ ನೀತಿ ಇತ್ತು. ತನಿಖೆ ಹತ್ತಿರ ಬಂದಾಗ ಅದನ್ನು ನೆನಪಿಸಿ ಕಾಗದ ಚೂರು ಮಾಡಿದ್ದೇ ಮುಳುವಾಯಿತು. ಇದಕ್ಕಾಗಿ ಸಂಸ್ಥೆಯನ್ನು ಅಪರಾಧಿ ಎಂದ 2002ರ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ರದ್ದುಪಡಿಸಿತಾದರೂ, ಅಷ್ಟರಲ್ಲಿ ಸಂಸ್ಥೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು.

ಕೊನೆಯದಾಗಿ, ಪ್ರತಿ ವಿಭಾಗದಲ್ಲೂ ಒಬ್ಬ ಹೊಣೆಗಾರರನ್ನು ಆರಿಸುವಾಗ ಕಂಪ್ಯೂಟರ್ ಚೆನ್ನಾಗಿ ಬಲ್ಲ ಹೊಸಬರನ್ನು ಹುಡುಕಬೇಡಿ. ಹಳೆಯ ಕಾಗದ ಬೇಕಾದಾಗ ಎಲ್ಲರೂ ಯಾರ ಮೇಜಿನ ಬಳಿ ಹೋಗುತ್ತಾರೋ ಅವರನ್ನೇ ಕೇಳಿಕೊಳ್ಳಿ. ನಮ್ಮಲ್ಲಿ ಆ ಕೆಲಸ ವಹಿಸಿಕೊಂಡವರು ಸ್ಟೋರ್ಸ್‌ನ ಆ ಹಿರಿಯರೇ. ಹನ್ನೊಂದು ಬಾಕ್ಸ್ ಫೈಲುಗಳಲ್ಲಿ ಹತ್ತನ್ನು ಅವರಾಗಿಯೇ ರೆಕಾರ್ಡ್ ರೂಮಿಗೆ ಕಳುಹಿಸಿದರು. ಆ ಜೆರಾಕ್ಸ್ ಇದ್ದ ಒಂದನ್ನು ಇಟ್ಟುಕೊಂಡರು, ನಾನೂ ಕೇಳಲಿಲ್ಲ.